ತೂತಿಲ್ಲದ ಗುಂಡಿಗಳು

ಹೊಲಿಗೆ ಅಂಗಡಿಯ ಹಿಂದಿನ ಕೋಣೆ,
ಹನ್ನೆರಡನೇ ತಾರೀಖು, ಬೆಳಗ್ಗೆ

ಪ್ರೀತಿಯ ಮೊಮ್ಮಗಳು ಲೆಕ್ಕದಮ್ಮನಿಗೆ,

ಹೇಗಿದ್ದೀಯಮ್ಮ? ಕಣ್ಣುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಮುದುಕರ ಮಾತ್ರೆ ಎಣಿಸುವುದರಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ನಾನು ಗಟ್ಟಿಮುಟ್ಟಾಗಿದ್ದೇನೆ. ಅಜ್ಜಿ ನನಗಿಂತ ಗಟ್ಟಿ, ಅವಳ ಗಂಟಲು ಅವಳಿಗಿಂತ ಗಟ್ಟಿ.

ನಿನ್ನ ನಾಲ್ಕನೆಯ ಸಂಶೋಧನಾ ಲೇಖನ ಕೈಸೇರಿತು. ವೃದ್ಧರ ಔಷಧ ಸೇವನೆ ಎಂಬ ತಲೆಬರಹ ನೋಡಿ ಅಜ್ಜಿ, “ವೃದ್ಧರು ಅಂದ್ರೆ ಯಾರು, ನಾವಾ?” ಎಂದು ಮುಖ ಊದಿಸಿಕೊಂಡಳು. ಆಮೇಲೆ ಅವಳೇ ಅದನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದಳು. ನಲವತ್ತು ಜನರಲ್ಲಿ ಮೂವತ್ತೆಂಟು ಜನ ತಪ್ಪದೆ ಮಾತ್ರೆ ನುಂಗಿದ್ದಾರೆ ಎಂದು ಬರೆದಿದ್ದೀಯ. ಮುಂದಿನ ವಾರ ದೊಡ್ಡ ಸಭೆಯಲ್ಲೂ ಇದನ್ನೇ ಹೇಳುತ್ತೀಯಂತೆ. ಆ ಮೂವತ್ತೆಂಟರಲ್ಲಿ ನಾನೂ ಒಬ್ಬ, ಮತ್ತು ನಾನು ಮೋಸ ಮಾಡಿದ್ದೇನೆ ಮಗಳೇ.

ನಿನ್ನ ಜೊತೆ ಕೆಲಸ ಮಾಡುವ ಹುಡುಗಿ ಉಳಿದ ಮಾತ್ರೆ ಎಣಿಸಲು ಬಂದ ದಿನ ಸೀಸೆಯಲ್ಲಿ ನಾಲ್ಕು ಇರಬೇಕಿತ್ತು, ಮೂವತ್ತಿದ್ದವು. ಸ್ವಂತ ತಾತನೇ ಮಾತು ಕೇಳುವುದಿಲ್ಲವೆಂದು ನಿನಗೆ ಅವಮಾನವಾಗಬಾರದಲ್ಲ, ಇಪ್ಪತ್ತಾರನ್ನು ಗುಂಡಿ ಡಬ್ಬಿಗೆ ಸುರಿದುಬಿಟ್ಟೆ. ಆಕೆ “ಭೇಷ್ ತಾತ” ಎಂದಳು, ನಾನು ಉಬ್ಬಿಹೋದೆ. ಐವತ್ತು ವರ್ಷ ಟೇಪು ಹಿಡಿದವನು ನಾನು. ಟೇಪು ಕಂಡ ಕೂಡಲೇ ಗಂಡಸರೆಲ್ಲ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು, ಆಮೇಲೆ ಕೋಟು ಬಿಗಿಯಾಯಿತೆಂದು ನನ್ನ ಮೇಲೇ ಹರಿಹಾಯುತ್ತಿದ್ದರು. ಅವರನ್ನು ಕಂಡು ನಗುತ್ತಿದ್ದ ನಾನೇ, ನೀನು ಅಳತೆ ತೆಗೆಯುವಾಗ ಅದನ್ನೇ ಮಾಡಿದೆ. ನಾಚಿಕೆಯಾಗುತ್ತಿದೆ. ಮೊನ್ನೆ ಅಂಗಿಗೆ ಗುಂಡಿ ಹುಡುಕುತ್ತಿದ್ದ ಅಜ್ಜಿ, “ಇದೇನ್ರೀ, ಈ ಗುಂಡಿಗೆ ತೂತೇ ಇಲ್ಲ?” ಎಂದಳು. ಅಲ್ಲಿಗೆ ನನ್ನ ಬಂಡವಾಳ ಬಯಲಾಯಿತು. ನೀವು ಬರೀತೀರೋ, ನಾನು ಬರೀಲೋ ಎಂದು ಈಗಲೂ ಬಾಗಿಲಲ್ಲೇ ನಿಂತಿದ್ದಾಳೆ.

ಜೊತೆಗೆ ಒಂದು ಕೋಟು ಕಳಿಸುತ್ತಿದ್ದೇನೆ. ನಿನ್ನ ಅಧ್ಯಯನ ಶುರುವಾದಾಗ ನಾನೂ ಇದನ್ನು ಶುರು ಮಾಡಿದ್ದೆ. ನೀನು ವೇದಿಕೆ ಹತ್ತುವ ದಿನ ಬರಲೆಂದು ಬೀರುವಿನಲ್ಲಿ ಎತ್ತಿಟ್ಟಿದ್ದೆ. ಗುಂಡಿ ತೂರಿಸುವ ಕಾಜಾಗಳೆಲ್ಲ ಕೈಹೊಲಿಗೆ, ಒಂದೂ ಮಿಷನ್ನಿನದಲ್ಲ. ಲೆಕ್ಕ ತಿದ್ದಿಕೊಂಡು, ಇದನ್ನು ತೊಟ್ಟು ಧೈರ್ಯವಾಗಿ ಮಾತಾಡು. ಬೈಯಬೇಕೆನಿಸಿದರೆ ಬೈ, ಮಾತು ಮಾತ್ರ ಬಿಡಬೇಡ. ನಿನ್ನ ಕಣ್ಣು ತಂಪಾಗಿರಲಿ, ಹಿಡಿದ ಕೆಲಸ ಕೈಗೂಡಲಿ.

ಇಂತಿ,
ನಿನ್ನ ಕಳ್ಳ ತಾತ

ತಾ.ಕ.: ಅಂಚೆಗೆ ಹೊತ್ತಾಯಿತು, ಆದರೂ ಇದನ್ನು ಹೇಳಲೇಬೇಕು. ಮಾತ್ರೆಗಳು ಕೋಟಿನ ಒಳಜೇಬಿನಲ್ಲಿವೆ, ಎಣಿಸಿಕೋ. ನುಂಗಿದಿರಾ ಎಂದು ನಿನ್ನ ಫಾರಂ ಮೂರು ಕಡೆ ಕೇಳಿತು, ಯಾಕೆ ನುಂಗಲಿಲ್ಲ ಎಂದು ಒಂದು ಕಡೆಯೂ ಕೇಳಲಿಲ್ಲ. ಮುಂದಿನ ಸಲ ಕೇಳು. ಅದನ್ನು ನುಂಗಿದ ದಿನ ನನ್ನ ಕೈ ನಡುಗುತ್ತದೆ, ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ನಾಳೆ ಡಾಕ್ಟರಿಗೂ ಹೇಳುತ್ತೇನೆ. ಆ ಇಪ್ಪತ್ತಾರು ದಿನವೂ ನಾನು ಹೊಲಿಯುತ್ತಿದ್ದುದು ಈ ಕೋಟನ್ನೇ.