ಐದು ಗಂಟೆಯ ಮಿಸ್ಡ್ ಕಾಲ್

ಬೆಟ್ಟದಪುರ
12 ಏಪ್ರಿಲ್ 2025

ಕಾಂತರಾಜ್ ಅವರಿಗೆ,

ಯಶೋಧರೆಯ ನಮಸ್ಕಾರ. ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಇಳಿಯುತ್ತೇವೆ. ಕಾಗದದಲ್ಲಾದರೆ ನಾನೊಬ್ಬಳೇ ಮಾತಾಡಬಹುದು, ನೀವು ಅಡ್ಡ ಬಾಯಿ ಹಾಕುವಂತಿಲ್ಲ.

ದ್ವಿತೀಯ ಪಿಯು ಫಲಿತಾಂಶ ಬಂತಲ್ಲ. ಕೆ.ಆರ್. ನಗರದ ನಿಮ್ಮ ಕಾಲೇಜು ಈ ಸಲವೂ ನೂರಕ್ಕೆ ನೂರಂತೆ, ಫ್ಲೆಕ್ಸ್ ನೋಡಿದೆ. ಅಭಿನಂದನೆ. ಆದರೆ ನಿಮಗೆ ಬೇಕಾಗಿರುವುದು ಮೀನಾಳ ಸುದ್ದಿ ಎಂದು ನನಗೆ ಗೊತ್ತು. ಅಷ್ಟು ಸುಲಭವಾಗಿ ಹೇಳುತ್ತೇನೆಯೇ? ಸ್ವಲ್ಪ ಕಾಯಿರಿ.

ಪ್ರಥಮ ಪಿಯುನಲ್ಲಿ ಹೇಗೋ ದಡ ಮುಟ್ಟಿದಳು, ಮುಂದಿನ ವರ್ಷ ನಮ್ಮ ನೂರನ್ನು ಕೆಡಿಸುತ್ತಾಳೆ ಎಂದು ನಿಮ್ಮ ಕಾಲೇಜು ಆ ಹುಡುಗಿಯ ಕೈಗೆ ಟಿಸಿ ಕೊಟ್ಟಿತು. ಎರಡು ವರ್ಷದ ಹಿಂದೆ ನೀವು ಸೂಟ್‌ಕೇಸ್ ಎತ್ತಿಕೊಂಡು ಆ ಕಾಲೇಜಿಗೆ ಹೊರಟ ದಿನ ನಾವು ಕಿತ್ತಾಡಿದ್ದೂ ಈ ನೂರರ ಹುಚ್ಚಿಗೇ. ವಾರವಾರ ಟೆಸ್ಟು, ಬೆರಳೊತ್ತಿ ಹಾಜರಿ, ನೂರು ಫಲಿತಾಂಶ, ಗುಣಮಟ್ಟ ಅಂದರೆ ಅದು ಎಂದಿರಿ ನೀವು. ಸೋಸಿ ಉಳಿಸಿಕೊಂಡ ಮಕ್ಕಳನ್ನು ಪಾಸು ಮಾಡಿಸಲು ಮೇಷ್ಟ್ರು ಯಾಕೆ ಬೇಕು ಎಂದೆ ನಾನು. ಇಬ್ಬರೂ ಸೋಲಲಿಲ್ಲ.

ಕಳೆದ ಜೂನ್‌ನಲ್ಲಿ ಅವಳ ಅಪ್ಪ ಅಂಕಯ್ಯ ಟಿಸಿ ಹಿಡಿದು ನಮ್ಮ ಸರ್ಕಾರಿ ಕಾಲೇಜಿಗೆ ಬಂದ. ಹುಡುಗಿ ಅವನ ಬೆನ್ನ ಹಿಂದೆ ನಿಂತು ನೆಲ ನೋಡುತ್ತಿದ್ದಳು. ನಮ್ಮ ಪ್ರಿನ್ಸಿಪಾಲರು ನಂಜುಂಡಸ್ವಾಮಿಯವರಿಗೆ ದಿಗಿಲು. "ರಿಸಲ್ಟ್ ಬಿದ್ರೆ ನೋಟಿಸ್ ಬರಾದು ನನಗೆ ಕಣಮ್ಮ" ಎಂದು ಗೊಣಗಿದರು. ನಮ್ಮಲ್ಲಿ ಹಿಂದುಳಿದ ಮಕ್ಕಳನ್ನು ಉಪನ್ಯಾಸಕರು ಹಂಚಿಕೊಳ್ಳುತ್ತೇವೆ, ಅದಕ್ಕೆ ದತ್ತು ಎನ್ನುತ್ತೇವೆ. ಇವಳು ನನ್ನ ದತ್ತು, ಕೆಟ್ಟರೆ ನನ್ನ ತಲೆಗೇ ಇರಲಿ ಎಂದುಬಿಟ್ಟೆ.

ದತ್ತು ಮಕ್ಕಳಿಗೆಲ್ಲ ಬೆಳಿಗ್ಗೆ ಐದಕ್ಕೆ ನಾನು ಒಂದು ರಿಂಗ್ ಕೊಡುತ್ತೇನೆ. ಎದ್ದವರು ಒಂದು ರಿಂಗ್ ವಾಪಸ್ ಕೊಡಬೇಕು. ಈ ಪದ್ಧತಿ ನಿಮಗೆ ಹೊಸದೇನಲ್ಲ ಬಿಡಿ. ಎಲ್ಲರಿಗಿಂತ ಮೊದಲು ವಾಪಸ್ ಬರುತ್ತಿದ್ದುದು ಮೀನಾಳ ರಿಂಗೇ. ಕಾಲೇಜಿನ ಗುಣಮಟ್ಟದ ವರದಿಯಲ್ಲಿ 'ಮುಂಜಾನೆ ಕರೆಗೆ ಉತ್ತಮ ಸ್ಪಂದನೆ' ಎಂದು ಬರೆದು ಬೀಗಿದೆ. ಆದರೆ ಟೆಸ್ಟು ಕೊಟ್ಟರೆ ಹಾಳೆ ಖಾಲಿ, ಬೋರ್ಡಿನ ಕಡೆ ತಿರುಗಿದರೆ ಅವಳಿಗೆ ತೂಕಡಿಕೆ.

ಆಗಸ್ಟಿನಲ್ಲಿ ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಸ್ಕೂಟಿ ಹತ್ತಿ ಅವರ ಮನೆಗೇ ಹೋದೆ. ಜಗಲಿಯ ಮೇಲೆ ಅಜ್ಜಿ ಮಾಯಮ್ಮ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ನಾನೇ ಒತ್ತಿಬುಡ್ತಿದ್ದೆ ಕಣವ್ವ. ಕೂಸು ರಾತ್ರಿಯೆಲ್ಲ ಬ್ಯಾರನ್ನಿಗೆ ಸೌದೆ ಆಕಿ ಈಗ ಮಲೀಕಂಡೈತೆ, ಎಬ್ಬುಸ್ಬ್ಯಾಡ" ಎಂದರು. ಹೊಗೆಸೊಪ್ಪು ಹದ ಮಾಡುವ ಕಾಲ, ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಆರುವಂತಿಲ್ಲ. ಹುಡುಗಿ ಗೋಣಿತಾಟಿನ ಮೇಲೆ ಮುದುಡಿ ಮಲಗಿದ್ದಳು, ಕೈಯೆಲ್ಲ ಮಸಿ. ನನ್ನ ಉತ್ತಮ ಸ್ಪಂದನೆ ಅಜ್ಜಿಯದು ಎಂದು ನಗು ಬಂತು, ಆಮೇಲೆ ಅಳು ಬಂತು. ಎಬ್ಬಿಸದೆ ಬಂದೆ.

ಅಂದಿನಿಂದ ಅವಳಿಗೆ ಬೆಳಗಿನ ಕರೆ ಬಂದ್. ಕಾಲೇಜು ಬಿಟ್ಟ ಮೇಲೆ ಸಂಜೆ ನನ್ನ ಮುಂದೆ ಕೂರಿಸಿಕೊಂಡೆ. ರಾತ್ರಿ ಸೌದೆ ಹಾಕುವುದನ್ನು ತಾನೇ ನೋಡಿಕೊಳ್ಳಲು ಅಂಕಯ್ಯ ಒಪ್ಪಿದ. ಆ ದಿನ ಅವನು ಇನ್ನೊಂದು ವಿಷಯ ಹೇಳಿದ. "ಆ ಕಾಲೇಜಿನ ಒಬ್ರು ಮೇಷ್ಟ್ರು ಗೇಟ್ ಗಂಟ ಬಂದು ಏಳಿದ್ರು ಕಣವ್ವ, ಬೆಟ್ಟದಪುರದಲ್ಲಿ ಯಶೋಧರಾ ಮೇಡಂ ಅವ್ರೆ, ಅವರ ತಾವ ಬುಡಿ, ಮಗ ಕೆಡಾಕಿಲ್ಲ ಅಂತ." ಅವರ ಹೆಸರೇನು ಎಂದು ಕೇಳಿದೆ. ಗೊತ್ತಿಲ್ಲವಂತೆ. ಚಾಕ್‌ಪೀಸ್ ಹಿಡಿದ ಕೈಯನ್ನು ಪ್ಯಾಂಟಿಗೇ ಒರೆಸಿಕೊಳ್ಳುತ್ತಿದ್ದರಂತೆ.

ಆ ಪ್ಯಾಂಟುಗಳನ್ನು ವರ್ಷಗಟ್ಟಲೆ ಉಜ್ಜಿ ಒಗೆದವಳು ನಾನು. ಹೆಸರು ಬೇಕಾಗಲಿಲ್ಲ. ಮೀಟಿಂಗಿನಲ್ಲಿ ತುಟಿ ಹೊಲಿದುಕೊಂಡು ಕೂತಿರುತ್ತೀರಿ, ಗೇಟಿನ ಹತ್ತಿರ ಬಂದು ನನ್ನ ಹೆಸರು ಹೇಳುತ್ತೀರಿ. ನಿಮ್ಮ ಮೇಲೆ ಕೋಪ ಮಾಡಿಕೊಳ್ಳಲೋ, ಖುಷಿಪಡಲೋ ತಿಳಿಯದೆ ಅವತ್ತು ಎರಡನ್ನೂ ಮಾಡಿದೆ.

ಪಾಸಾದಳು ರೀ. ನಿಮ್ಮ ಭೌತಶಾಸ್ತ್ರದಲ್ಲೇ ನಲವತ್ತೆಂಟು. ಕಾಲೇಜಿಗೆ ಓಡಿ ಬಂದು ನನ್ನ ಸೊಂಟ ತಬ್ಬಿಕೊಂಡಳು. ನರ್ಸಿಂಗ್ ಓದುತ್ತಾಳಂತೆ. ನಮ್ಮ ಕಾಲೇಜಿನದ್ದು ನೂರಾಗಲಿಲ್ಲ, ಇಬ್ಬರು ಹುಡುಗರು ಫೇಲಾಗಿ ಉಳಿದುಕೊಂಡರು. ಫ್ಲೆಕ್ಸ್ ಇಲ್ಲ. ಆ ಇಬ್ಬರೂ ಇನ್ನೂ ನಮ್ಮವರೇ.

ಊಟ ಸರಿಯಾಗಿ ಮಾಡಿ. ಮೆಸ್ಸಿನ ಸಾರು ನಿಮಗೆ ಆಗುವುದಿಲ್ಲ.

ಬರೆಯಲೋ ಬೇಡವೋ ಎಂದು ಯೋಚಿಸಿ, ಬರೆದೇ ಬಿಟ್ಟೆ,
ನಿಮ್ಮ
ಯಶೋಧರಾ

ಮರೆತ ಮಾತು: ಆ ಇಬ್ಬರು ಮತ್ತೆ ಪರೀಕ್ಷೆ ಬರೆಯುವವರೆಗೆ ಐದು ಗಂಟೆಯ ಕರೆ ನಿಲ್ಲುವುದಿಲ್ಲ. ನೀವು ಹೋದಾಗಿನಿಂದ ನಿಮಗೂ ಒಂದು ರಿಂಗ್ ಕೊಡುತ್ತಾ ಬಂದಿದ್ದೇನಲ್ಲ, ಅದೂ ನಿಲ್ಲುವುದಿಲ್ಲ. ಎಬ್ಬಿಸಲೆಂದಲ್ಲ, ನಾಲ್ಕೂವರೆಗೇ ಏಳುವವರು ನೀವು. ಯಾಕೆಂದು ಒಂದು ದಿನವೂ ಕೇಳದೆ ರಿಂಗ್ ವಾಪಸ್ ಕೊಟ್ಟಿರಿ. ಬುಧವಾರದೊಳಗೆ ಈ ಕಾಗದ ನಿಮ್ಮ ಕೈ ಸೇರುತ್ತದೆ. ಗುರುವಾರ ನಾನು ಒಂದೇ ರಿಂಗಿಗೆ ಇಟ್ಟುಬಿಡುವುದಿಲ್ಲ. ಜಗಳವಾದರೂ ಆಗಲಿ, ಎತ್ತಿ.