ಖಾಲಿ ಬಿಟ್ಟ ಮನೆ

ಗಿರಾವೀನ್, ಸಿಡ್ನಿ
ಭಾನುವಾರ, ನೂಲಹುಣ್ಣಿಮೆ
೨೨ ಆಗಸ್ಟ್ ೨೦೨೧

ಪ್ರೀತಿಯ ಹೇಮಾ,

ಹೇಗಿದ್ದೀ? ಸೊಂಟದ ನೋವು ಕಡಿಮೆಯಾಯಿತೇ? ಅತ್ತೆಯವರ ಮೊಣಕಾಲಿಗೆ ಆ ಹೊಸ ಎಣ್ಣೆ ಹತ್ತಿತೋ ಇಲ್ಲವೋ ಬರೆಯಲೇ ಇಲ್ಲ ನೀನು. ಮಾವನವರು ಎರಡನೆಯ ಲಸಿಕೆ ಹಾಕಿಸಿಕೊಂಡರೆಂದು ಕೇಳಿ ಅರ್ಧ ನೆಮ್ಮದಿಯಾಯಿತು. ಮಾಸ್ಕನ್ನು ಗದ್ದಕ್ಕೆ ಕಟ್ಟಿಕೊಂಡು ಪೇಟೆ ತಿರುಗುವುದನ್ನು ನಿಲ್ಲಿಸಿದರೆ ಉಳಿದರ್ಧವೂ ಆಗುತ್ತದೆ. ಇಂಚರಾಳಿಗೆ ಹತ್ತು ಹಲ್ಲು ಎಂದು ನೀನು ಹೇಳಿದ್ದೆ. ಬುಧವಾರ ಅವಳು ಕ್ಯಾಮೆರಾದ ಎದುರು ಬಾಯಿ ಬಿಟ್ಟು ಅತ್ತಾಗ ನಾನು ಎಣಿಸಿದೆ, ಹನ್ನೊಂದು. ಕೆಳಗೆ ಬಲಗಡೆ ಒಂದು ಮೊಳಕೆ ನಿಮ್ಮ ಯಾರ ಲೆಕ್ಕಕ್ಕೂ ಬಂದಿಲ್ಲ. ಗೋದಾಮಿನಲ್ಲಿ ಸ್ಟಾಕ್ ಎಣಿಸುವವನ ಮಗಳು ಅವಳು, ಅಂಥ ತಪ್ಪು ಆಗಬಾರದು.

ನಾನು ಆರಾಮ. ಈ ಊರಿಗೆ ಬೀಗ ಬಿದ್ದು ಎಂಟು ವಾರವಾಯಿತು. ಐದು ಕಿಲೋಮೀಟರು ದಾಟುವಂತಿಲ್ಲ, ನಾಳೆಯಿಂದ ನಮ್ಮ ಸಬರ್ಬುಗಳಿಗೆ ಕರ್ಫ್ಯೂ ಬೇರೆ. ಗೋದಾಮು ಅಗತ್ಯ ಕೆಲಸದ ಪಟ್ಟಿಯಲ್ಲಿ ಇರುವುದರಿಂದ ನನಗೆ ಪರವಾನಗಿ ಚೀಟಿ ಕೊಟ್ಟಿದ್ದಾರೆ. ಹಿತ್ತಿಲಿನ ಈ ಒಂದು ಕೋಣೆಯ ಗ್ರಾನಿ ಫ್ಲ್ಯಾಟ್ ಒಬ್ಬನಿಗೆ ಧಾರಾಳ. ಮುಂದಿನ ಮನೆಯ ರುದ್ರಪ್ಪ ಅಂಕಲ್ ಬೇಲಿಗೆ ಕಟ್ಟಿದ ಚೀಲದಲ್ಲಿ ದಿನಕ್ಕೊಮ್ಮೆ ಪಲ್ಯದ ಡಬ್ಬಿ ಇಟ್ಟು, ನಾಲ್ಕು ಮಾರು ದೂರ ನಿಂತು ಉಪದೇಶ ಮಾಡುತ್ತಾರೆ. ಬೆಳಗಾವಿಯ ಗಂಟಲು, ಬೀದಿಯವರೆಲ್ಲ ಕೇಳಬಹುದು. 'ಹತ್ತು ವರ್ಷ ಕಾದೀ. ಇನ್ನಾರು ತಿಂಗಳು ಕಾಯಾಕ ನಿನಗೇನ್ ಧಾಡಿ? ಪಿಆರ್ ಬರೂತನಕಾ ಕುಂಡಿ ಎತ್ತಬ್ಯಾಡ ನೋಡ್.' ಈ ದೇಶದಲ್ಲಿ ಕಾಯಂ ಇರುವ ಪರವಾನಗಿ, ಆ ಪಿಆರ್, ಅವರ ಕೈಗೆ ಬಂದು ಹದಿನೈದು ವರ್ಷವಾಯಿತು. ಉಂಡವನಿಗೆ ಹಸಿದವನು ಕಾಯುವ ಹೊತ್ತು ಸದಾ ಚಿಕ್ಕದಾಗಿಯೇ ಕಾಣುತ್ತದೆ.

ಫೋನು ಇರುವಾಗ ಕಾಗದವೇಕೆ ಎಂದು ನಾನು ಕೇಳುವಂತಿಲ್ಲ, ಆಜ್ಞೆ ನಿನ್ನದೇ. ಧಾರವಾಡದ ಕಾಲೇಜಿನವರು ನಿನ್ನನ್ನು ಗಣಿತ ಕಲಿಸಲು ಕರೆದಿದ್ದಾರೆ, ಸೆಪ್ಟೆಂಬರ್ ಹದಿನೈದರ ಒಳಗೆ ಸೇರಬೇಕು. 'ಸೇರಲ್ಯೋ, ಇಲ್ಲಾ ಇನ್ನೂ ಪಿಆರ್ ಹಾದಿ ಕಾಯಲ್ಯೋ? ಫೋನಿನ್ಯಾಗ ಹೇಳಬ್ಯಾಡ್ರಿ. ಫೋನಿನ್ಯಾಗ ನೀವು ಜಾರತೀರಿ. ಕಾಗದದಾಗ ಬರೀರಿ' ಎಂದೆ ನೀನು. ಸೇರುವುದಾದರೆ ಒಂದು ವರ್ಷ ಬಿಡುವಂತಿಲ್ಲ ಎಂದೂ, ಅತ್ತೆಯವರ ಮೊಣಕಾಲು ನಮ್ಮ ಓಡುವ ಕೂಸಿಗೆ ಸಾಟಿಯಲ್ಲ ಎಂದೂ ಹೇಳಿದೆ. ಎಲ್ಲ ಗೊತ್ತಾಯಿತು. ಹಾಳೆಗಳ ಫೋಟೊ ಇವತ್ತೇ ಕಳಿಸುತ್ತೇನೆ, ಅಸಲು ಪ್ರತಿ ಅಂಚೆಯವರ ದಯೆಯಿಂದ ದೀಪಾವಳಿಗಾದರೂ ಮುಟ್ಟಲಿ.

ನೀನು ಕೇಳಿದ ಮರುದಿನ ಟ್ರಂಕಿನ ತಳದಿಂದ ನಮ್ಮ ಚೌಕಾಬಾರದ ಹಲಗೆ ತೆಗೆದೆ. ಹಲಗೆಯೆಂದರೆ ಆ ಪಿಜ್ಜಾ ಡಬ್ಬಿಯ ಮುಚ್ಚಳ. ಮೆಲ್ಬರ್ನಿನ ಬಾಕ್ಸ್ ಹಿಲ್‌ನ ನಾಲ್ಕನೆಯ ಮಹಡಿ ನೆನಪಿದೆಯಲ್ಲ? ಕಿಟಕಿ ತೆರೆದರೆ ಆಸ್ಪತ್ರೆ, ಮುಚ್ಚಿದರೂ ಆಂಬುಲೆನ್ಸಿನ ಕೂಗು. ಮದುವೆಯಾಗಿ ನೀನು ಬಂದ ಮೊದಲ ಚಳಿಗಾಲ. ಸೋಫಾ ಇರಲಿಲ್ಲ, ಟೀವಿ ಇರಲಿಲ್ಲ, ಹೀಟರೊಂದು ಇತ್ತು. ಅದರ ಮುಂದೆ ಚಾಪೆ ಹಾಸಿದರೆ ಅದೇ ನಮ್ಮ ಪಡಸಾಲೆ. ಕೆಳಗಿನ ಚೀನೀ ಅಜ್ಜಿಯ ಅಂಗಡಿಯಿಂದ ಥಾಯ್ಲೆಂಡಿನ ಸಿಹಿ ಹುಣಸೆಯ ಡಬ್ಬಿ ತಂದು, ಹಣ್ಣು ತಿಂದು, ಬೀಜಗಳನ್ನು ಸೀಳಿ ಕವಡೆ ಮಾಡಿದವಳು ನೀನು. ನಿನಗೆ ಅವಳ ಭಾಷೆ ಬಾರದು, ಅವಳಿಗೆ ನಿನ್ನದು ಬಾರದು, ಆದರೂ ಇಬ್ಬರೂ ಅರ್ಧ ತಾಸು ಮಾತಾಡುತ್ತಿದ್ದಿರಿ. ನಿನ್ನ ಕಾಯಿಗಳು ಒಡೆದ ಹಸಿರು ಬಳೆಯ ಚೂರು, ನನ್ನವು ಪಾರ್ಕಿನ ನೀಲಗಿರಿ ಮರದಡಿ ಆರಿಸಿದ ಒಣಕಾಯಿ. ಇವತ್ತಿಗೂ ಎಂಟೂ ಕಾಯಿ ಹಾಗೆಯೇ ಇವೆ. ಕವಡೆಬೀಜ ಒಂದು ಕಳೆದಿದೆ.

ನೀನು ಗಣಿತದ ಎಂಎಸ್ಸಿ ನಿಜ, ಆದರೆ ನಾನು ಸೋಲುತ್ತಿದ್ದುದು ಅದಕ್ಕಲ್ಲ. ನಾನು ಕಟ್ಟೆಮನೆ ಬಿಟ್ಟು ಇಳಿಯುತ್ತಿರಲಿಲ್ಲ. ಗುಣಾಕಾರದ ಗುರುತಿರುವ ಆ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲವಲ್ಲ, ಅಲ್ಲೇ ಭದ್ರ. ಓದುತ್ತ, ತರಕಾರಿ ಮಾರ್ಕೆಟಿನಲ್ಲಿ ಡಬ್ಬಿ ಹೊರುತ್ತ, ಟ್ಯಾಕ್ಸಿ ಓಡಿಸುತ್ತ ಮೇಲೆ ಬಂದವನು, ಸಿಕ್ಕ ಜಾಗ ಬಿಡುವ ಅಭ್ಯಾಸ ಇರಲಿಲ್ಲ. ನೀನಾದರೋ ಬಯಲಿಗೆ ಇಳಿದು, ಹೊಡೆಸಿಕೊಂಡು, ಮತ್ತೆ ಮೊದಲಿನಿಂದ ಸುತ್ತಿ, ನಾಲ್ಕೂ ಕಾಯಿಗಳನ್ನು ನಡುಮನೆಗೆ ಮುಟ್ಟಿಸಿ ಹಣ್ಣು ಮಾಡಿ ಏಳುತ್ತಿದ್ದೆ. ಎದ್ದವಳು ಸುಮ್ಮನೆಯೂ ಇರುತ್ತಿರಲಿಲ್ಲ. 'ಕಟ್ಟಿ ಮ್ಯಾಲ ಕುಂತ ಕಾಯಿ ಹಣ್ಣಾಗೂದಿಲ್ರೀ, ಕೊಳೀತೈತಿ.'

ಆ ಮನೆಯಲ್ಲಿ ನೀನು ರೊಟ್ಟಿ ಬಡಿಯುತ್ತಿದ್ದ ಸದ್ದಿಗೆ ಕೆಳಗಿನ ಮಹಡಿಯವನು ಬಂದು ಬಾಗಿಲು ತಟ್ಟಿದ್ದು ಮರೆತೆಯಾ? ಯಾವ ರಿಪೇರಿ ನಡೆದಿದೆ, ಎಷ್ಟು ದಿನ ನಡೆಯುತ್ತದೆ ಎಂದು ಬಹಳ ಸಭ್ಯವಾಗಿ ಕೇಳಿದ. ಮನೆ ಬಿಡಿಸುತ್ತಾರೆ ಎಂದುಕೊಂಡೆ ನಾನು. ನೀನು ಒಳಗಿನಿಂದ ಬಿಸಿ ರೊಟ್ಟಿ, ಮೇಲೆ ಶೇಂಗಾ ಚಟ್ನಿ, ಒಂದಿಷ್ಟು ಬೆಣ್ಣೆ ಇಟ್ಟು ತಂದು ಅವನ ಕೈಗೆ ಕೊಟ್ಟೆ. ಮುಂದೆ ಭಾನುವಾರ ಸದ್ದು ಕೇಳದಿದ್ದರೆ ಅವನೇ ಬಂದು ವಿಚಾರಿಸುತ್ತಿದ್ದ. ಆ ಊರಿಗೂ ಈಗ ಬೀಗ ಬಿದ್ದಿದೆ. ಅವನಿಗೆ ಈಗ ಯಾರು ರೊಟ್ಟಿ ಕೊಡುತ್ತಾರೋ.

ಈಗ ಒಂದು ವಿಷಯ, ಬಹಳ ದಿನದಿಂದ ನಿನ್ನಿಂದ ಮುಚ್ಚಿಟ್ಟಿರುವುದು. ನೀನು ಕೂತು ಓದು.

೨೦೧೯ರ ಡಿಸೆಂಬರಿನಲ್ಲಿ, ಸಿಡ್ನಿಗೆ ಬಂದ ಮೇಲೆ, ಇದೇ ಗಿರಾವೀನ್‌ನ ಹಳೆಯ ಬಾಡಿಗೆ ಮನೆಯಲ್ಲಿ ಇಬ್ಬರೂ ಕೂತು ಪಿಆರ್ ಅರ್ಜಿ ತುಂಬಿದೆವು. ಏಜೆಂಟ್ ಬೇಡ, ನನಗೆ ತಿಳಿಯದ ಫಾರ್ಮ್ ಇನ್ನೂ ಅಚ್ಚಾಗಿಲ್ಲ ಎಂದವನು ನಾನೇ. ನಿನ್ನ ಪುಟದಲ್ಲಿ, ಉತ್ತರ ತುಂಬುವ ಒಂದು ಚೌಕದ ಮನೆಯ ಮೇಲೆ, ಒಂದು ಪ್ರಶ್ನೆ ಬಂತು: ನಿಮಗೆ ಬೇರೆ ಯಾವುದಾದರೂ ಹೆಸರು ಇದೆಯೇ, ಅಥವಾ ಎಂದಾದರೂ ಇತ್ತೇ? 'ಆ ಮನಿ ಖಾಲಿ ಬಿಟ್ರ ನಡೀತದರೀ' ಎಂದೆ ನೀನು. ನಾನು, 'ಖಾಲಿ ಮನ್ಯಾಗ ದೆವ್ವ ಬಂದು ಕೂಡತಾವು' ಎಂದು ನಕ್ಕೆ. ನೀನು ಚಹಾ ಮಾಡಲು ಎದ್ದೆ. ಮದುವೆಯ ಪುರಾವೆಗೆಂದು ಲಗ್ನಪತ್ರಿಕೆ ಟೇಬಲ್ಲಿನ ಮೇಲಿತ್ತು. ಅದರಲ್ಲಿ ನಿನ್ನ ಹೆಸರು ಹೇಗಿದೆಯೋ ಹಾಗೆ, ಒಂದಕ್ಷರ ಬಿಡದೆ, ಆ ಮನೆಯಲ್ಲಿ ಇಂಗ್ಲಿಷಿನಲ್ಲಿ ತುಂಬಿಬಿಟ್ಟೆ. ಚಿ. ಕುಂ. ಸೌ. ಹೇಮಲತಾ.

ಆಮೇಲಿನದು ಇಬ್ಬರಿಗೂ ಗೊತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ಅತ್ತೆಯವರು. ಜನವರಿಯಲ್ಲಿ ಏಳು ತಿಂಗಳ ಹೊಟ್ಟೆ ಹೊತ್ತು ನೀನು ಹೋದೆ, ಜೂನಿಗೆ ಮೂವರಾಗುವವರಿದ್ದೆವು. ಮಾರ್ಚಿನಲ್ಲಿ ಗಡಿ ಮುಚ್ಚಿತು. ಪಿಆರ್ ಇದ್ದವರಿಗೆ ಬಾಗಿಲು, ಇಲ್ಲದವರಿಗೆ ಗೋಡೆ. ಏಪ್ರಿಲ್‌ನಲ್ಲಿ ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ, ಕೂಸಿನ ಜೊತೆ ತೊಟ್ಟಿಲಲ್ಲಿ ಇಡುವ ಗುಂಡಕಲ್ಲಿನ ಪಕ್ಕದಲ್ಲಿ ಫೋನಿಟ್ಟಿದ್ದಿರಿ. ನಾನು ಇಲ್ಲಿ ಹೊಸ ಅಂಗಿ ಹಾಕಿಕೊಂಡು ಕೂತಿದ್ದೆ. ನನ್ನ ತಂಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು, ಮಗಳ ಹೆಸರನ್ನು ನಾನು ಮೆಸೇಜಿನಲ್ಲಿ ಓದಿದೆ.

೨೦೨೦ರ ನವೆಂಬರಿನಲ್ಲಿ ವೀಸಾ ಇಲಾಖೆಯಿಂದ ಪತ್ರ ಬಂದಿತ್ತು, ಹೇಮಾ. ಈ 'ಚಿ ಕುಂ ಸೌ' ಎಂಬವರು ಅರ್ಜಿದಾರರೇ, ಬೇರೆಯವರೇ? ಅರ್ಜಿದಾರರೇ ಆದರೆ ಆ ಹೆಸರನ್ನೂ ಸೇರಿಸಿದ ಪೊಲೀಸ್ ಪ್ರಮಾಣಪತ್ರ ಕಳುಹಿಸಿ. ಅವರು ಕೇಳಿದ್ದು ಸರಿಯೇ, ಬರೆದುಕೊಟ್ಟವನು ನಾನು. ಮೊದಲು ನಕ್ಕೆ. ಆಮೇಲೆ ಔಷಧಿ ಅಂಗಡಿಯವನ ಮುಂದೆ (ಇಲ್ಲಿ ಅವರಿಗೂ ಸಾಕ್ಷಿ ಸಹಿ ಹಾಕುವ ಅಧಿಕಾರವಿದೆ) ಪ್ರಮಾಣ ಮಾಡಿ ಒಂದು ಪುಟ ಬರೆದೆ. ಚಿರಕಾಲ ಬಾಳು, ಹಣೆಯ ಕುಂಕುಮ ಉಳಿಯಲಿ, ಸೌಭಾಗ್ಯವತಿಯಾಗು ಎಂಬುದನ್ನು ಇಂಗ್ಲಿಷಿಗೆ ಇಳಿಸುವಷ್ಟರಲ್ಲಿ ಸಾಕಾಯಿತು. ಸಹಿ ಹಾಕುತ್ತ ಅವನು ಕೇಳಿದ, ಅಂದರೆ ಇದು ಹೆಸರಲ್ಲ, ಹರಕೆಯೋ? ಹೌದೆಂದೆ.

ನಿನಗೆ ಮಾತ್ರ ಹೇಳಲಿಲ್ಲ. ಕೊರೊನಾದ ಹೊಸ ನಿಯಮ, ಪೊಲೀಸರಿಂದ ಇನ್ನೊಂದು ಕಾಗದ ಬೇಕಂತೆ ಎಂದೆ. ಏಳು ತಿಂಗಳ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ನೀನು ಎಸ್‌ಪಿ ಕಚೇರಿಗೆ ಮೂರು ಸಲ ಅಲೆದೆ. ಎಲ್ಲ ಕೈಸೇರಿ ಕಳಿಸುವಾಗ ಫೆಬ್ರುವರಿ ಮುಗಿದಿತ್ತು. ನಮ್ಮ ಜೊತೆಗೇ ಅರ್ಜಿ ಹಾಕಿದ್ದ ಬಾಕ್ಸ್ ಹಿಲ್‌ನ ಸಂಪತ್‌ನಿಗೂ ಅವನ ಹೆಂಡತಿಗೂ ಜನವರಿಯಲ್ಲೇ ಪಿಆರ್ ಬಂತು, ಮಾರ್ಚಿನಲ್ಲಿ ಅವಳು ಮೈಸೂರಿನಿಂದ ಬಂದು ಇಳಿದಳು. ಏಪ್ರಿಲ್ ಕೊನೆಗೆ ಅಲ್ಲಿಂದ ವಿಮಾನಗಳೇ ನಿಂತವು. ಪಿಆರ್ ಯಾಕೆ ತಡ ಎಂದು ನೀನು ಕೇಳಿದಾಗಲೆಲ್ಲ ನಾನು ಸರಕಾರವನ್ನು ಬೈದಿದ್ದೇನೆ, ವೈರಾಣುವನ್ನು ಬೈದಿದ್ದೇನೆ. ಬೈಗುಳಿನ ಪಾಲು ನನಗೂ ಸೇರಬೇಕಿತ್ತು. ಆಗಬಹುದಿತ್ತೋ ಇಲ್ಲವೋ ದೇವರಿಗೆ ಗೊತ್ತು, ಆದರೆ ಆ ಮನೆ ಖಾಲಿ ಬಿಟ್ಟಿದ್ದರೆ ಕೂಸಿನ ಮೊದಲ ಹೆಜ್ಜೆ ನನ್ನ ಎದುರಿಗೆ ಬೀಳಬಹುದಿತ್ತು. ಬೈಯುವುದನ್ನು ನೀನೂ ಕಾಗದದಲ್ಲೇ ಬೈ, ಜಾರದಂತೆ.

ಕಳೆದ ವಾರ ನೀನು ನಗುತ್ತ ಒಂದು ಮಾತು ಹೇಳಿದೆ. ಪಂಚಮಿ ಉಂಡಿ ತಿನ್ನುತ್ತ ಇಂಚರಾ, ಗೋಡೆಗೆ ಚಾರ್ಜಿಗೆ ಹಾಕಿದ ಫೋನಿನ ಕಡೆ ಬೆರಳು ಮಾಡಿ 'ಅಪ್ಪ' ಎಂದಳಂತೆ. ಎಳೆಯಬಾರದೆಂದು ಅತ್ತೆಯವರು, 'ಅಪ್ಪ ಊಟಾ ಮಾಡಾಕತ್ತಾನವಾ, ಮುಟ್ಟಬಾರದು' ಎಂದರಂತೆ. ಕೂಸು ತನ್ನ ಉಂಡಿಯ ಚೂರನ್ನು ಫೋನಿನ ಬಾಯಿಗೆ ಒತ್ತಿತಂತೆ. ನಾನೂ ನಕ್ಕೆ. ನಕ್ಕು ಫೋನಿಟ್ಟ ಮೇಲೆ ಗೋದಾಮಿನಲ್ಲಿ ಒಂದೇ ಸಾಲನ್ನು ಮೂರು ಸಲ ಎಣಿಸಿದೆ, ಮೂರು ಸಲವೂ ಬೇರೆ ಬೇರೆ ಬಂತು. ಈ ಕೆಲಸಕ್ಕೆ ಸೇರಿದಾಗಿನಿಂದ ಹಾಗಾಗಿರಲಿಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಕೆಲಸಕ್ಕೆ ಸೇರುವುದು ಒಳ್ಳೆಯದೇ. ಆದರೆ ನಾಳೆಯೇ ಪಿಆರ್ ಬಂದುಬಿಟ್ಟರೆ? ಬಾರದೆಯೂ ಇರಬಹುದು. ನಾನು ಬರೋಣವೆಂದರೆ, ಇಲ್ಲಿಂದ ಹೊರಡಲು ತಡೆಯಿಲ್ಲ, ಪಿಆರ್ ಇಲ್ಲದವನು ಮರಳಲು ದಾರಿಯಿಲ್ಲ, ಗಡಿ ಯಾವಾಗ ತೆರೆಯುತ್ತದೋ ಹೇಳುವವರಿಲ್ಲ. ರುದ್ರಪ್ಪ ಅಂಕಲ್ ಹೇಳುವುದರಲ್ಲೂ ತಥ್ಯವಿದೆ. ಎಲ್ಲ ಕಡೆಯಿಂದಲೂ ನೋಡಿ, ಇನ್ನೊಂದಿಷ್ಟು ವಿಚಾರ ಮಾಡಿ ಬರೆಯುತ್ತೇನೆ.

ಮಾವನವರಿಗೂ ಅತ್ತೆಯವರಿಗೂ ನನ್ನ ಶರಣು ತಿಳಿಸು. ಇಂಚರಾಳ ಹನ್ನೊಂದೂ ಹಲ್ಲಿಗೆ ಒಂದೊಂದು ಮುತ್ತು. ಆ ಲಗ್ನಪತ್ರಿಕೆಯ ಮೂರು ಅಕ್ಷರದಲ್ಲಿ ಇದ್ದ ಹರಕೆಯೆಲ್ಲ ನಿನಗಿರಲಿ, ಇಲಾಖೆ ಒಪ್ಪಲಿ ಬಿಡಲಿ.

ಧಾರವಾಡದ ಕಡೆ ಮುಖ ಮಾಡಿ ಕೂತಿರುವ,
ನಿನ್ನ ವಿರುಪಾಕ್ಷ

ತಾ. ಕ.: ಸಂಜೆ ಐದು. ಫೋಟೊ ತೆಗೆಯುವ ಮುಂಚೆ ಒಮ್ಮೆ ಓದಿದೆ. ಇಷ್ಟು ಹಾಳೆ ತುಂಬಿದೆ, ನಿನ್ನ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ, ಕಾಗದದಲ್ಲೂ ಜಾರಿದ್ದೇನೆ. ಕಟ್ಟೆಯ ಮೇಲೆ ಕೂತ ಕಾಯಿಯ ಮಾತನ್ನು ನನ್ನದೇ ಅಕ್ಷರದಲ್ಲಿ ಓದಿದಾಗ ನಾಚಿಕೆಯಾಯಿತು. ಈಗ ಬರೆಯುತ್ತೇನೆ, ಹಿಡಿದುಕೋ. ನೀನು ಕೆಲಸಕ್ಕೆ ಸೇರು. ಕೂಸನ್ನು ನಾನು ನೋಡಿಕೊಳ್ಳುತ್ತೇನೆ. ಸೆಪ್ಟೆಂಬರ್ ಒಂಬತ್ತಕ್ಕೆ ದಿಲ್ಲಿಯ ವಿಮಾನ ಬುಕ್ ಮಾಡಿದೆ, ಅಲ್ಲಿಂದ ಹುಬ್ಬಳ್ಳಿ. ಅರ್ಜಿ ತನ್ನ ಪಾಡಿಗೆ ತಾನು ಇರಲಿ, ಮೂವರೂ ಒಂದೇ ಕಡೆ ಕೂತು ಕಾಯೋಣ. ರುದ್ರಪ್ಪ ಅಂಕಲ್‌ಗೆ ಬೇಲಿಯ ಮೇಲಿಂದ ಹೇಳಿದೆ. 'ಹುಚ್ಚ ಅದೀ' ಎಂದರು, ಒಳಗೆ ಹೋದರು, ಕೂಸಿಗೆಂದು ಒಂದು ಉಣ್ಣೆಯ ಟೋಪಿ ತಂದು ಚೀಲದಲ್ಲಿ ಇಟ್ಟರು. ಗೋದಾಮಿನ ರಜೆಯ ಫಾರ್ಮನ್ನು ಫೋನಿನಲ್ಲೇ ತುಂಬಿ ಕಳಿಸಿದೆ. 'ಮರಳಿ ಬರುವ ದಿನ' ಎಂದು ಒಂದು ಮನೆ ಇತ್ತು. ಖಾಲಿ ಬಿಟ್ಟೆ. ಅತ್ತೆಯವರಿಗೆ ಹೇಳು, ಅಪ್ಪನಿಗೆ ಇನ್ನು ಮೇಲೆ ವೈರು ಸಾಲುವುದಿಲ್ಲ, ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯಬೇಕು.