ಮನೆಯ ಪ್ರಿಂಟರಿನಲ್ಲಿ ಉಳಿದಿದ್ದ ಹಾಳೆ

ಚಿಕ್ಕಲಸಂದ್ರ, ಬೆಂಗಳೂರು
9 ನವೆಂಬರ್ 2025, ಭಾನುವಾರ

ನಮ್ಮ ಮನೆಯವರಿಗೆ ಉಮಾ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಹಿಂದಿನ ಸಲ ಭೇಟಿಗೆ ಬಂದಾಗ ಗಾಜಿನ ಆಚೆ ನೀವು ಸೊಂಟಕ್ಕೆ ಕೈ ಆನಿಸಿಕೊಂಡೇ ನಿಂತಿದ್ದಿರಿ. ಕೇಳಿದರೆ ಏನಿಲ್ಲ ಅಂದಿರಿ. ಜೈಲಿನ ದವಾಖಾನೆಯಲ್ಲಿ ಒಮ್ಮೆ ತೋರಿಸಿ, ಸಂಕೋಚಪಡಬೇಡಿ. ಗೇಟಿನಲ್ಲಿ ಕೊಟ್ಟು ಬಂದ ಸ್ವೆಟರ್ ನಿಮ್ಮ ಕೈ ಸೇರಿದೆ ಅಂದುಕೊಂಡಿದ್ದೇನೆ. ಬೆಳಗಿನ ಹೊತ್ತು ಚಳಿ ಶುರುವಾಗಿದೆ. ಅವ್ವ ಆರಾಮಾಗಿದ್ದಾರೆ ಎಂದು ಬರೆದರೆ ನೀವು ನಂಬುವುದಿಲ್ಲ, ಅದಕ್ಕೆ ಇದ್ದದ್ದನ್ನೇ ಬರೆಯುತ್ತೇನೆ. ಸಕ್ಕರೆ ಹತೋಟಿಯಲ್ಲಿದೆ, ಕಾಲಿನ ಬಾವು ಇಳಿದಿಲ್ಲ. ಊಟಕ್ಕೆ ಕೂತಾಗಲೆಲ್ಲ "ಚನ್ನವೀರ ಉಂಡಾನೋ ಇಲ್ಲೋ" ಎಂದು ಕೇಳುತ್ತಾರೆ. "ಉಂಡಿರ್ತಾರ, ನೀವು ಉಣ್ಣರಿ" ಎಂದು ನಾನು ಹೇಳಿದ ಮೇಲೆಯೇ ರೊಟ್ಟಿ ಮುರಿಯುವುದು. ಜೋಳದ ಹಿಟ್ಟು ಇಲ್ಲಿ ನಮ್ಮ ಕೊಪ್ಪಳದ ಹಿಟ್ಟಿನ ಹಾಗೆ ಜಿಗುಟು ಬರುವುದಿಲ್ಲವೆಂದು ದಿನಾ ಒಮ್ಮೆ ಗೊಣಗುತ್ತಾರೆ. ಆ ಗೊಣಗಾಟ ಇರುವವರೆಗೆ ನನಗೆ ಧೈರ್ಯ. ನಾನು ಚೆನ್ನಾಗಿದ್ದೇನೆ.

ನೀವು ಜೈಲಿನಿಂದ ಮಾಡಿದ ಫೋನಿನ ಐದು ನಿಮಿಷದಲ್ಲಿ ಇದನ್ನು ಹೇಳಲು ಆಗಲಿಲ್ಲ. ಎರಡು ಸಲ ಬಾಯಿ ತೆರೆದೆ, ಅಷ್ಟರಲ್ಲಿ ನೀವು ಅವ್ವನ ಮಾತ್ರೆಯ ವಿಷಯ ಕೇಳಿದಿರಿ. ಈ ಪತ್ರವನ್ನು ಅಲ್ಲಿನ ಸಾಹೇಬರು ಒಡೆದು ಓದಿ ಆಮೇಲೆ ನಿಮ್ಮ ಕೈಗೆ ಕೊಡುತ್ತಾರೆ ಅನ್ನುವುದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹೋದ ತಿಂಗಳ ಕೊನೆಯಲ್ಲಿ ನಿಮ್ಮ ವಕೀಲರು ಫೋನ್ ಮಾಡಿದ್ದರು. ಎರಡನೇ ಸಲದ ಜಾಮೀನು ಅರ್ಜಿಯ ಜೊತೆ ಅವ್ವನ ಆಸ್ಪತ್ರೆಯ ಕಾಗದಗಳನ್ನೆಲ್ಲ ಲಗತ್ತಿಸಬೇಕು, ಮನೆಯಲ್ಲಿ ಕಾಯಿಲೆಯ ಮುದುಕಿ ಇದ್ದಾರೆ, ನೋಡಿಕೊಳ್ಳಲು ಮಗನೊಬ್ಬನೇ ಎಂದು ನ್ಯಾಯಾಧೀಶರಿಗೆ ಕಾಣಬೇಕು, ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳಿಸಿ ಅಂದರು. ಅವ್ವನ ಚೀಟಿಗಳು ಒಂದು ಚೀಲ ತುಂಬ ಇವೆ. ಆಗ ನನಗೆ ಮಂಚದ ಕೆಳಗಿನ ಗಂಟು ನೆನಪಾಯಿತು. ಪೊಲೀಸರು ನಿಮ್ಮ ಅಂಗಡಿಯ ಕಂಪ್ಯೂಟರು, ದೊಡ್ಡ ಜೆರಾಕ್ಸ್ ಯಂತ್ರ ಎಲ್ಲ ಎತ್ತಿಕೊಂಡು ಹೋದ ದಿನ, ಆಗ ನಾವಿದ್ದ ಬಿಟಿಎಂನ ಮನೆಯಲ್ಲಿನ ಈ ಹಳೆಯ ಕಂಪ್ಯೂಟರನ್ನೂ ಅದರ ಪ್ರಿಂಟರನ್ನೂ ತೋರಿಸಿ ಕೇಳಿದ್ದರು. "ಅದು ಕೆಟ್ಟು ಕುಂತೈತ್ರಿ ಸಾಹೇಬ್ರ" ಎಂದು ನೀವು ಹೇಳಿದಿರಿ, ಅವರು ಬಿಟ್ಟು ಹೋದರು. ಮನೆ ಬದಲಿಸುವಾಗ ನಾನು ಎರಡನ್ನೂ ಚಾದರದಲ್ಲಿ ಕಟ್ಟಿ ಟೆಂಪೋಗೆ ಹಾಕಿಸಿದ್ದೆ. ಕೆಟ್ಟದ್ದನ್ನು ಯಾಕೆ ಹೊತ್ತು ತರ್ತಿ ಎಂದು ಅವ್ವ ಬೈದಿದ್ದರು. ನೀವು ಮುಟ್ಟಿದ ಸಾಮಾನು, ಬಿಡಲು ಮನಸ್ಸಾಗಲಿಲ್ಲ.

ಕಂಪ್ಯೂಟರು ಕೆಟ್ಟಿರಲಿಲ್ಲ. ಗುಂಡಿ ಒತ್ತಿದ ಕೂಡಲೇ ಎದ್ದು ಕೂತಿತು. ಹಳತಾಗಿ ತೆವಳುತ್ತಿದ್ದಾಗ ನೀವೇ ವಿಂಡೋಸ್ ತೆಗೆದು ಅದಕ್ಕೆ ಲಿನಕ್ಸ್ ಹಾಕಿ, ನನ್ನ ಹೆಸರಿನಲ್ಲೂ ಒಂದು ಖಾತೆ ಮಾಡಿಕೊಟ್ಟಿದ್ದಿರಲ್ಲ, ಅದರಲ್ಲೇ ಒಳಗೆ ಹೋದೆ. ಆದರೆ ಸ್ಕ್ಯಾನ್ ಒತ್ತಿದರೆ ಸ್ಕ್ಯಾನರೇ ಇಲ್ಲ ಅನ್ನುತ್ತದೆ, ಪ್ರಿಂಟ್ ಒತ್ತಿದರೆ ಸದ್ದೇ ಇಲ್ಲ. ಎರಡು ದಿನ ಒದ್ದಾಡಿ ಕೊನೆಗೆ ಕೆಳಗಿನ ಮನೆಯ ಹನುಮಯ್ಯನವರನ್ನು ಕೇಳಿದೆ. ನಮ್ಮ ಮನೆಯ ಮಾಲೀಕರು, ಟೆಲಿಫೋನ್ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. "ನಮ್ಮನೇಲಿ ಹತ್ತು ವರ್ಷದಿಂದ ಲಿನಕ್ಸೇ ಓಡ್ತಿರೋದು ಕಣಮ್ಮ" ಎಂದು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನಿಮ್ಮ ವಿಷಯ ಅವರಿಗೆ ಅಲ್ಪಸ್ವಲ್ಪ ಗೊತ್ತು. ಏನು ಕೇಸು ಎಂದು ಇವತ್ತಿನವರೆಗೂ ಕೇಳಿಲ್ಲ. ದೊಡ್ಡ ಮನುಷ್ಯರು.

ಅವರು ಕುರ್ಚಿಯಲ್ಲಿ ಕೂತು ಒಂದೊಂದೇ ಅಕ್ಷರ ಹೇಳಿದರು, ನಾನು ಪರದೆಯ ಮೇಲೆ ಅವರು ತೆರೆಸಿದ ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಿದೆ. ಸ್ಕ್ಯಾನರ್ ಯಾವುದೂ ಇಲ್ಲ ಎಂದು ಬಂತು. ಅದನ್ನೇ ನೀವು ಡೈರಿಯಲ್ಲಿ ಬರೆದಿಟ್ಟಿದ್ದ ನಿಮ್ಮ ಪಾಸ್‌ವರ್ಡ್ ಕೊಟ್ಟು ಕೇಳಿದಾಗ ಕಂಪನಿ, ಮಾದರಿ ಸಮೇತ ತೋರಿಸಿತು. "ನೋಡಮ್ಮ, ಇದು ಕೆಟ್ಟಿಲ್ಲ. ನಿನ್ ಹೆಸ್ರಿಗೆ ಮುಟ್ಟೋ ಪರ್ಮಿಷನ್ ಇಲ್ಲ, ಅದಕ್ಕೆ ನಿಂಗೆ ಕಾಣಿಸ್ತಿಲ್ಲ" ಅಂದರು. ಸ್ಕ್ಯಾನರ್ ಬಳಸುವವರ ಪಟ್ಟಿಗೆ ನನ್ನ ಹೆಸರು ಸೇರಿಸಿ, ಖಾತೆಯಿಂದ ಹೊರಗೆ ಬಂದು ಮತ್ತೆ ಒಳಗೆ ಹೋದ ಮೇಲೆ ದೀಪ ಹತ್ತಿ ಆ ಹಸಿರು ಗೀಟು ಗಾಜಿನಡಿ ಸರಿಯಿತು. ಎಂಟು ತಿಂಗಳಲ್ಲಿ ನಾನು ನಕ್ಕಿದ್ದು ಅದೇ ಮೊದಲು. ಅವ್ವನ ಕಾಗದಗಳನ್ನು ಸಂಜೆಯೊಳಗೆ ವಕೀಲರಿಗೆ ಕಳಿಸಿದೆ. ಪ್ರಿಂಟರಿನ ಹಿಂದಿನ ಮುಚ್ಚಳ ತೆಗೆದಾಗ ಉರುಳೆಗೆ ಒಂದು ಕಾಗದದ ಚೂರು ಸುತ್ತಿಕೊಂಡಿತ್ತು. ಹನುಮಯ್ಯನವರು ಅದನ್ನು ಚಿಮಟದಲ್ಲಿ ಎಳೆದು ತೆಗೆದರು. ಪೇಪರ್ ಸಿಕ್ಕಿಕೊಂಡಾಗ ಪ್ರಿಂಟಿಂಗ್ ನಿಂತುಬಿಡುತ್ತದೆ, ನಾವಾಗಿಯೇ ಶುರು ಮಾಡು ಅನ್ನುವವರೆಗೂ ಹಾಗೇ ಕಾಯುತ್ತಿರುತ್ತದೆ ಎಂದು ವಿವರಿಸಿ, ಎಲ್ಲಿ ಒತ್ತಬೇಕೆಂದು ತೋರಿಸುವಷ್ಟರಲ್ಲಿ ಕರೆಂಟು ಹೋಯಿತು. "ನಾಳೆ ಕರೆಂಟ್ ಬಂದಾಗ ನೀನೇ ಒತ್ತು" ಎಂದು ಇಳಿದು ಹೋದರು.

ಮರುದಿನ, ಮಂಗಳವಾರ ಬೆಳಿಗ್ಗೆ, ಅವರೇ ಒಬ್ಬ ಹೆಂಗಸನ್ನು ಮೇಲೆ ಕಳಿಸಿದರು. ಐವತ್ತರ ಆಸುಪಾಸಿನವರು, ಶಿರಾ ಕಡೆಯವರು. ಎದುರಿನ ಬೀದಿಯಲ್ಲಿರುವ ತಮ್ಮನ ಮನೆಗೆ ಬಂದಿದ್ದಾರಂತೆ. ಹೆಸರು ನಾಗಲಕ್ಷ್ಮಮ್ಮ. ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಎದೆಗೆ ಒತ್ತಿ ಹಿಡಿದಿದ್ದರು. "ನಾಕೇ ನಾಕು ಕಾಗ್ದ ಕಣಮ್ಮ. ನನ್ ಮಗ್ಳ ಡೆತ್ ಸರ್ಟಿಫಿಕೇಟ್‌ನಾಗೆ ಹೆಸ್ರು ತೆಪ್ಪಾಗಿ ಬರ್ದವ್ರೆ. ಮಾರ್ಕ್ಸ್ ಕಾರ್ಡ್ ಕಾಪಿ ಕೊಟ್ರೆ ಸರಿ ಮಾಡ್ತಾರಂತೆ. ಸತ್ ಮ್ಯಾಲಾದ್ರೂ ಹೆಸ್ರು ನೆಟ್ಟಗಿರ್ಲಿ" ಅಂದರು. ನಾನು ಕವರು ತೆಗೆದು ಮೊದಲ ಕಾಗದ ಗಾಜಿನ ಮೇಲಿಟ್ಟೆ. ಒಂದು ಅಂಚು ಸುಟ್ಟು ಕಂದಾಗಿತ್ತು. ಹೆಸರು ಓದಿದೆ. ಶ್ವೇತಾ. ತಂದೆಯ ಹೆಸರು, ಊರು, ಎಲ್ಲ ಓದಿದೆ. ಮಾರ್ಚಿನಲ್ಲಿ ಆ ಪಿಜಿಗೆ ಬೆಂಕಿ ಬಿದ್ದು ಮೂರನೇ ಮಹಡಿಯಲ್ಲಿ ಸತ್ತ ಮೂವರು ಹುಡುಗಿಯರ ಹೆಸರು ನನಗೆ ಬಾಯಿಪಾಠ. ಪೇಪರಿನಲ್ಲಿ ಅಷ್ಟು ಸಲ ಓದಿದ್ದೇನೆ.

ನೀವು ಮೊದಲ ದಿನದಿಂದ ನನಗೆ ಹೇಳಿದ್ದು ಒಂದೇ ಮಾತು. "ನಾ ಬರೇ ಜೆರಾಕ್ಸ್ ತೆಗದಾಂವ. ಪಿಜಿ ಮಾಲಕ ಏನ್ ಕೊಟ್ನೋ ಅದನ್ನ ತೆಗದು ಕೊಟ್ಟೀನಿ, ಅಷ್ಟ." ಅವಧಿ ಮುಗಿದಿದ್ದ ಬೆಂಕಿ ಸುರಕ್ಷತೆಯ ಆ ಸರ್ಟಿಫಿಕೇಟನ್ನು ತಿದ್ದಿದವರು ಯಾರೋ, ಸಿಕ್ಕಿಬಿದ್ದವರು ನೀವು ಎಂದು ನಾನು ನಂಬಿದ್ದೆ. ನಂಟರ ಮುಂದೆ, ಬಿಟಿಎಂನ ಅಕ್ಕಪಕ್ಕದವರ ಮುಂದೆ, ಸ್ಟೇಷನ್ನಿನಲ್ಲಿ, ಎಲ್ಲ ಕಡೆ ಅದನ್ನೇ ಹೇಳಿದ್ದೆ. ಅವರ ನಾಲ್ಕು ಕಾಗದ ಸ್ಕ್ಯಾನ್ ಮಾಡಿ, ಪ್ರಿಂಟಿಗೆ ಕಳಿಸಿ, ಹನುಮಯ್ಯನವರು ತೋರಿಸಿದ ಕಡೆ ಒತ್ತಿದೆ.

ಪ್ರಿಂಟರು ಒಮ್ಮೆ ಗುರುಗುಟ್ಟಿ ಹಾಳೆ ಎಳೆದುಕೊಂಡಿತು. ಹೊರಗೆ ಬಂದದ್ದು ಅವರ ಕಾಗದವಲ್ಲ. ಹಾಳೆಯ ತುಂಬ 2026, 2026, 2026 ಎಂದು ಮೇಲಿಂದ ಕೆಳಗಿನವರೆಗೆ, ಒಂದು ಸಾಲು ದಪ್ಪ, ಒಂದು ಸಾಲು ತೆಳು, ಒಂದು ಚೂರು ಮಾಸಲು. ಏನೋ ಟೆಸ್ಟ್ ಪ್ರಿಂಟ್ ಇರಬೇಕು ಅಂದುಕೊಂಡೆ. ಎರಡನೇ ಹಾಳೆ ಬಂತು. ಮೇಲೆ ಸರ್ಕಾರದ ಲಾಂಛನ, ಪಿಜಿಯ ಹೆಸರು, ವಿಳಾಸ, ಕೆಳಗೆ ಸೀಲು, ಸಹಿ. ಸರ್ಟಿಫಿಕೇಟಿನ ಅವಧಿ ಮುಗಿಯುವ ದಿನಾಂಕದಲ್ಲಿ ಇಸವಿ ಮಾತ್ರ ಉಳಿದ ಅಕ್ಷರಗಳಿಗಿಂತ ಒಂದು ಎಳೆ ಕಪ್ಪಗಿತ್ತು. ಮೊದಲನೇ ಹಾಳೆ ಸಿಕ್ಕಿಕೊಂಡಾಗ ಪ್ರಿಂಟರು ನಿಂತಿದೆ. ಅದರ ಬೆನ್ನಿಗೇ ನೀವು ಪ್ರಿಂಟಿಗೆ ಕಳಿಸಿದ ಇದೂ ಸಾಲಿನಲ್ಲಿ ಉಳಿದಿದೆ. ನೀವು ಪೆನ್‌ಡ್ರೈವಿನಲ್ಲಿ ಅಂಗಡಿಗೆ ಒಯ್ದು ಅಲ್ಲಿ ತೆಗೆದಿರಬೇಕು. ಇಲ್ಲಿ ಉಳಿದದ್ದು ಮರೆತಿರಿ.

ನಾನು ಎರಡೂ ಹಾಳೆಗಳನ್ನು ಮಡಿಲಲ್ಲಿ ಬೋರಲಾಗಿ ಇಟ್ಟುಕೊಂಡೆ. ಅದರ ಹಿಂದೆಯೇ ಅವರ ಮಗಳ ಅಂಕಪಟ್ಟಿ ಬಂತು. ಬಿಸಿಯಿದ್ದ ಆ ಹಾಳೆಯನ್ನು ನಾಗಲಕ್ಷ್ಮಮ್ಮ ಎರಡೂ ಕೈಯಲ್ಲಿ ಹಿಡಿದು ನೋಡಿದರು. "ಗಣಿತ್ದಾಗೆ ತೊಂಬತ್ತೊಂದು ತೆಗ್ದಿದ್ಲು" ಅಂದರು. ಆಮೇಲೆ ತಾವಾಗಿಯೇ ಹೇಳಿದರು, ಮಹಡಿಯ ಮೆಟ್ಟಿಲಿಗೆ ಅಡ್ಡ ಗ್ಯಾಸ್ ಸಿಲಿಂಡರು ಜೋಡಿಸಿಟ್ಟಿದ್ದರಂತೆ, ಹುಡುಗಿಯರು ಇಳಿಯಲಾಗದೆ ಮೇಲಕ್ಕೆ ಓಡಿದರಂತೆ, ಟೆರೇಸಿನ ಬಾಗಿಲಿಗೆ ಬೀಗ. "ಸರ್ಟಿಫಿಕೇಟ್ ಐತೆ, ಎಲ್ಲ ಸರಿಯೈತೆ ಅಂತ ಗ್ವಾಡೆ ಮ್ಯಾಲೆ ಫ್ರೇಮ್ ಹಾಕಿದ್ರಂತಮ್ಮ. ಅದ್ನ ನೋಡೇ ನಾನ್ ಅವ್ಳನ್ನ ಬಿಟ್ ಬಂದೆ" ಅಂದರು. ಅವ್ವ ಒಳಗಿನಿಂದ ಒಂದು ಲೋಟ ಚಹಾ ತಂದು ಅವರ ಮುಂದೆ ಇಟ್ಟರು. ಯಾರೆಂದು ಅವ್ವನಿಗೆ ಗೊತ್ತಿಲ್ಲ. ಮಗಳನ್ನು ಕಳೆದುಕೊಂಡ ತಾಯಿ ಅನ್ನುವುದಷ್ಟೇ ಕೇಳಿಸಿತ್ತು. ಹೋಗುವಾಗ ನಾಗಲಕ್ಷ್ಮಮ್ಮ ನನ್ನ ತಲೆ ಸವರಿ "ನಿನ್ ಗಂಡ, ಮನೆ ಎಲ್ಲ ತಣ್ಣಗಿರ್ಲಿ ಕಣವ್ವ" ಅಂದರು.

ಆ ಮಧ್ಯಾಹ್ನ ಒಲೆ ಹಚ್ಚಿ ಹಾಳೆಯ ತುದಿಯನ್ನು ಉರಿಯ ಹತ್ತಿರ ಒಯ್ದೆ. ಸುಟ್ಟ ಕಾಗದದ ವಾಸನೆ ಮೂಗಿಗೆ ಬಂದದ್ದೇ ತಡ, ಒಲೆ ಆರಿಸಿ ಹಾಳೆಗಳನ್ನು ಮಡಿಚಿಟ್ಟೆ. ಮೂರು ದಿನ ಆ ಹಾಳೆಗಳು ಹಿಟ್ಟಿನ ಡಬ್ಬಿಯ ಕೆಳಗಿದ್ದವು. ನೀವು ಯಾಕೆ ಹೀಗೆ ಮಾಡಿದಿರಿ ಎಂದು ಎಷ್ಟು ಯೋಚಿಸಿದರೂ ನನಗೆ ದೊಡ್ಡ ಕಾರಣ ಯಾವುದೂ ಹೊಳೆಯುವುದಿಲ್ಲ. ದಿನಾ ಬರುವ ಗಿರಾಕಿ ಕೇಳಿದ, ಇಲ್ಲ ಅನ್ನಲು ನಿಮಗೆ ಬಾಯಿ ಬರಲಿಲ್ಲ. ಅಷ್ಟೇ ಇರಬೇಕು. ನಿಮ್ಮನ್ನು ಬಲ್ಲವಳು ನಾನು. ಯಾರಿಗೂ ಇಲ್ಲ ಅಂದವರಲ್ಲ. ಅದೇ ಗುಣಕ್ಕೆ ನಾನು ನಿಮ್ಮನ್ನು ಮೆಚ್ಚಿ ಬಂದವಳು. ಈಗ ಆ ಗುಣ ನೆನೆದರೆ ಮೈ ತಣ್ಣಗಾಗುತ್ತದೆ.

ವೇಳೆಗೆ ಸರಿಯಾಗಿ ಊಟ ಮಾಡಿ. ಬೆನ್ನಿಗೆ ಬಿಸಿನೀರು ಸಿಗುವುದಾದರೆ ಕೇಳಿ ನೋಡಿ. ಅವ್ವ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಯಾರ ಜೊತೆಗೂ ಜಗಳಕ್ಕೆ ಹೋಗಬಾರದಂತೆ. ಹನುಮಯ್ಯನವರೂ ನಿಮ್ಮ ಆರೋಗ್ಯ ಕೇಳಿದ್ದಾರೆ.

ಇಂತಿ ನಿಮ್ಮ
ಉಮಾ

ತಾ.ಕ.: ಇಷ್ಟುದ್ದ ಬರೆದೂ ಮುಖ್ಯವಾದದ್ದನ್ನು ಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಕೊರಿಯರಿಗೆ ಕೊಡುವುದರೊಳಗೆ ಬರೆದು ಮುಗಿಸುತ್ತೇನೆ. ಶುಕ್ರವಾರ ನಾನು ಸ್ಟೇಷನ್ನಿಗೆ ಹೋಗಿ ಆ ಎರಡೂ ಹಾಳೆ ಕೊಟ್ಟು ಬಂದೆ. ನಿನ್ನೆ ಅವರು ಬಂದು ಕಂಪ್ಯೂಟರು, ಪ್ರಿಂಟರು ಎರಡನ್ನೂ ಒಯ್ದರು. ಪಂಚನಾಮೆಗೆ ಹನುಮಯ್ಯನವರು ಸಹಿ ಹಾಕಿದರು. ವಕೀಲರಿಗೂ ಹೇಳಿದ್ದೇನೆ. ಇನ್ನು ಜಾಮೀನಿನ ಆಸೆ ಬಿಡಿ ಅಂದರು. ಇನ್ನೊಂದು. ನೀವು ಆ ಇಸವಿ ತಿದ್ದುತ್ತಿದ್ದ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ನೀವು ಪರದೆಯ ಮುಂದೆ ಕೂತು "ಉಮಾ, ಈ ಎರಡೂ ಅಂಕಿ ಒಂದ ನಮೂನಿ ಕಾಣ್ತಾವೇನು ನೋಡ" ಎಂದು ಕರೆದಿರಿ. ನಾನು ಒಲೆಯ ಮುಂದಿನಿಂದಲೇ ಕತ್ತು ಚಾಚಿ "ಹೌದ್ರಿ, ಒಂದ ನಮೂನಿ ಅದಾವ" ಅಂದೆ. ಏನು, ಯಾಕೆ ಎಂದು ಕೇಳಲಿಲ್ಲ. ಅದನ್ನೂ ನನ್ನ ಹೇಳಿಕೆಯಲ್ಲಿ ಬರೆಸಿ ಸಹಿ ಹಾಕಿದ್ದೇನೆ. ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ಸಾಮಾನು ಒಯ್ದದ್ದು ರಿಪೇರಿಗೆ ಎಂದು ಅವ್ವನಿಗೆ ಹೇಳಿದ್ದೇನೆ. ಈ ಗುರುವಾರ ಅವರನ್ನೂ ಭೇಟಿಗೆ ಕರೆತರುತ್ತೇನೆ. ನಿಜ ಏನೆಂದು ಅವರಿಗೆ ನೀವೇ ಹೇಳಬೇಕು.